ಹನ್ನೊಂದು ಸಾವಿರಕ್ಕೇ ಕಾದು ಕೂತ ತೊಗರಿ

ಆಳಂದ ಕಡೆಯ ತಂಗಿಯೊಬ್ಬರು ಬರೆದಿದ್ದಾರೆ. ಹೋದ ರಾಶಿಯ 20 ಕ್ವಿಂಟಲ್ ತೊಗರಿ ಪಡಸಾಲೆಯಲ್ಲೇ ಇದೆ. ಎರಡು ವರ್ಷದ ಹಿಂದೆ ಪಕ್ಕದ ಹೊಲದವರು ಕ್ವಿಂಟಲಿಗೆ 11,000ಕ್ಕೆ ಮಾರಿದ್ದರಂತೆ. ಅವತ್ತಿನಿಂದ ಯಜಮಾನರದ್ದು ಒಂದೇ ಮಾತು, "ಹನ್ನೊಂದು ಬರೋತನಕ ಒಂದು ಚೀಲಾನೂ ಮಾರಂಗಿಲ್ಲ." ಗಂಜಿನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಈಗ ಸಿಗುವುದು 7,000. ತಲೆಮೇಲೆ ನೂರಕ್ಕೆ ಮೂರರ ಬಡ್ಡಿಯ 1 ಲಕ್ಷ ಸಾಲ. ಅವರು ಊರಲ್ಲಿಲ್ಲದಾಗ ಟೆಂಪೋ ಕರೆಸಿ ಮಾರಿಬಿಡಲಾ ಅಂತ ಕೇಳಿದ್ದಾರೆ.

ಬೇಡ ತಂಗಿ. ಸಾಲ ತೀರಬಹುದು, ಆದರೆ ಆ ಜಗಳ ಮನೆಯಲ್ಲಿ ತೊಗರಿಗಿಂತ ಜಾಸ್ತಿ ದಿನ ಇರುತ್ತೆ.

ನಿಮ್ಮ ಯಜಮಾನರು ದಡ್ಡರಲ್ಲ. ಕಾನೆಮನ್ ಮತ್ತು ಟ್ವೆರ್ಸ್ಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಜಾತ್ರೆಯಲ್ಲಿ ಇರುತ್ತಲ್ಲ, ಅಂಥ ಚಕ್ರ ತಿರುಗಿಸಿದರು. ಅದು 10 ಇಲ್ಲವೇ 65ಕ್ಕೇ ನಿಲ್ಲೋ ಹಾಗೆ ಮೊದಲೇ ಮಾಡಿಟ್ಟಿದ್ದರು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟು ಅಂತ ಕೇಳಿದರು. 10 ನೋಡಿದವರು ಹೆಚ್ಚುಕಡಿಮೆ 25 ಅಂದರು, 65 ನೋಡಿದವರು 45. ಚಕ್ರಕ್ಕೂ ವಿಶ್ವಸಂಸ್ಥೆಗೂ ಏನು ಸಂಬಂಧ? ಆದರೂ ಮೊದಲು ಕಂಡ ಅಂಕಿ ತಲೆಯಲ್ಲಿ ಕೂತುಬಿಡುತ್ತೆ. ನಿಮ್ಮ ಮನೆಯ 11,000ವೂ ಅಂಥದ್ದೇ, ಅದು ಪಕ್ಕದವರ ರೇಟು, ನಿಮ್ಮ ಕೈಗೆ ಯಾವತ್ತೂ ಬಂದ ದುಡ್ಡೇ ಅಲ್ಲ, ಆದರೂ 7,000ಕ್ಕೆ ಮಾರಿದರೆ 4,000 ಕಳಕೊಂಡ ಹಾಗೆ ಅವರಿಗೆ ಹೊಟ್ಟೆ ಉರಿಯುತ್ತೆ.

(ನನಗೂ ಇದೇ ರೋಗ. ಸೇಡಂ ರಸ್ತೆ ಕಡೆ ಯಾರೋ ಒಮ್ಮೆ ಸೈಟಿಗೆ 4 ಲಕ್ಷ ಅಂದಿದ್ದರು. ಅದನ್ನೇ ಹಿಡಕೊಂಡು ಇವತ್ತಿಗೂ ಬಾಡಿಗೆ ಮನೆಯಲ್ಲಿದ್ದೇನೆ.)

ಇನ್ನೊಂದು, ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಸೀಮೆಯದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ರೇಟು ಬಂದೇ ಬರುತ್ತೆ ಅಂತಾರಂತೆ ನಿಮ್ಮ ಯಜಮಾನರು. ಟ್ಯಾಗ್ ಸಿಕ್ಕಿದ್ದು ನಿಜ. ಆದರೆ ಹೊರದೇಶದ ತೊಗರಿ ಹಡಗಲ್ಲಿ ಬಂದಾಗ ರೇಟು ಇಳಿಯೋದೂ ನಿಜ, ಆ ಸುದ್ದಿ ಮಾತ್ರ ಅವರ ಕಿವಿಗೆ ಬೀಳಲ್ಲ.

ಈಗ ನಿಮ್ಮ ವಿಷಯ. "ನಾನು ಹೋದ ವರ್ಷವೇ ಮಾರಿ ಅಂದಿದ್ದೆ" ಅಂತ ಮೂರು ಸಲ ಬರೆದಿದ್ದೀರಿ. ಅದೇ ಪತ್ರದ ಕೊನೆಗೆ, ಬಳೆ ಮಾಡಿಸೋ ಆಸೆಗೆ ನಾನೂ ಸುಮ್ನೆ ಇದ್ದೆ ಅಂತಲೂ ಇದೆ! ಸುಳ್ಳು ಹೇಳ್ತಿದ್ದೀರಿ ಅಂತಲ್ಲ. ರೇಟು ಬಿದ್ದ ಮೇಲೆ ಎಲ್ಲರಿಗೂ ಮೊದಲೇ ಗೊತ್ತಿತ್ತು ಅನಿಸುತ್ತೆ. ಆ ಮಾತು ಇನ್ನು ಎತ್ತಬೇಡಿ, ಎತ್ತಿದಷ್ಟೂ ಅವರು ಹಟ ಹಿಡೀತಾರೆ.

ಊಟ ಆದ ಮೇಲೆ ಇಷ್ಟೇ ಕೇಳಿ: "ಈಗ ಕೈಯಲ್ಲಿ 1 ಲಕ್ಷ 40 ಸಾವಿರ ನಗದು ಇದ್ದರೆ, ಗಂಜಿಗೆ ಹೋಗಿ 20 ಕ್ವಿಂಟಲ್ ತೊಗರಿ ತಂದು ಮನೆಯಲ್ಲಿ ಇಡ್ತಿದ್ರಾ?" ಅವರು ಸುಮ್ಮನಾದರೆ ಒಂದು ಹಾಳೆ ತಗೊಂಡು ಲೆಕ್ಕ ಬರೆಯಿರಿ. ಬಡ್ಡಿ ತಿಂಗಳಿಗೆ 3,000, ಅಂದರೆ ಕ್ವಿಂಟಲಿಗೆ 150. ಹೀಗೇ ಇಟ್ಟರೆ ಬರುವ ವರ್ಷ 8,800 ಸಿಕ್ಕರೂ ಇವತ್ತಿನ 7,000ಕ್ಕೇ ಸಮ. ನುಸಿ ತಿಂದದ್ದು ಬೇರೆ.

ಎಲ್ಲಾ ಮಾರಿ ಅನ್ನಬೇಡಿ. 15 ಕ್ವಿಂಟಲ್ ಹೋದರೆ 1,05,000 ಬರುತ್ತೆ, ಹಮಾಲಿ ಕಳೆದರೂ ಅಸಲು ಬಹುತೇಕ ತೀರುತ್ತೆ. ಉಳಿದ 5 ಕ್ವಿಂಟಲ್ ಅವರ ಹನ್ನೊಂದು ಸಾವಿರಕ್ಕೆ ಕಾಯಲಿ ಬಿಡಿ. ಚೀಲಕ್ಕೆ ಒಣ ಬೇವಿನ ಸೊಪ್ಪು ಹಾಕೋದು ಮರೀಬೇಡಿ.