ಕೊಟ್ಟಿಗೆ ಬಾಗಿಲಿಗೆ ಮಕ್ಕಳ ಸರದಿ ಪಟ್ಟಿ ಅಂಟಿಸಬೇಡಿ

ಮಕ್ಕಳಿಗೆ ಏಳು ಮತ್ತು ಹತ್ತು ವರ್ಷ, ಬೆಂಗಳೂರು ಬಿಟ್ಟು ಶಿರಸಿ ಕಡೆಯ ಮನೆಗೆ ಬರುತ್ತಿದ್ದೇವೆ, ಕೊಟ್ಟಿಗೆ ಕೆಲಸ ಇಬ್ಬರಿಗೂ ಸಮನಾಗಿ ಬರುವಂತೆ ವಾರದ ಸರದಿ ಹಾಕುವುದೋ, ಕೆಲಸಕ್ಕಿಷ್ಟು ಅಂತ ದುಡ್ಡು ಕೊಡುವುದೋ ಅಂತ ಕೇಳಿದ್ದೀರಿ. ಎರಡೂ ಬೇಡ. ಸರದಿ ಹಾಕಿ ನೋಡಿದವಳು ನಾನು.

ನಮ್ಮದು ಹುಲೇಕಲ್ ಕಡೆ ಅಡಿಕೆ ತೋಟದ ಮನೆ. ಹುಬ್ಬಳ್ಳಿಯ ಬಾಡಿಗೆ ಮನೆ ಖಾಲಿ ಮಾಡಿ ಬಂದೆವು. ಬಂದ ಹೊಸದರಲ್ಲಿ ಮಗನಿಗೂ ಮಗಳಿಗೂ ಕೊಟ್ಟಿಗೆ ಅಂದರೆ ಹುಚ್ಚು; ಕರು ಬಿಡುವವರು ಯಾರು ಅಂತ ದಿನಾ ಜಗಳ. ಜಗಳ ನಿಲ್ಲಲಿ ಅಂತ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಸರದಿ ಬರೆದು ಬಾಗಿಲಿಗೆ ಅಂಟಿಸಿದೆ. ಸೋಮವಾರ ಅವನು ಕರು ಬಿಟ್ಟರೆ ಅವಳು ದನಕ್ಕೆ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕೊಡುವುದು, ಮಂಗಳವಾರ ಅದಲುಬದಲು. ಹುಲ್ಲು ಹಾಕುವುದಕ್ಕೆ ಯಾರಿಗೆ ಬಿಡುವೋ ಅವರು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ತಂಗಿ, ದನಕ್ಕೆ ವಾರ ಗೊತ್ತಾಗ್ತಿಲ್ಲೆ, ಕೈ ಗೊತ್ತಾಗ್ತು" ಅಂದರು. ಹಳೇ ಕಾಲದವರ ಮಾತು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಹಾಲು ಕೊಡುತ್ತಿದ್ದದ್ದು ಬೆಳ್ಳಿ ಅನ್ನುವ ಜೆರ್ಸಿ ಕ್ರಾಸ್ ದನ. ಸರದಿ ಶುರುವಾದ ಮೇಲೆ ಹಾಲು ಕಡಿಮೆಯಾಗುತ್ತಾ ಬಂತು. ಹಿಂಡಿ ಸಾಲುತ್ತಿಲ್ಲ ಅಂತ ನಾನು ಹಿಂಡಿ ಹೆಚ್ಚು ಮಾಡಿದೆ.

ಕಾರಣ ಬೇರೆಯೇ ಇತ್ತು, ಅದನ್ನು ಬಿಡಿಸಿ ಹೇಳಬೇಕು. ಕೆಚ್ಚಲಲ್ಲಿ ಹಾಲು ಇದ್ದ ಮಾತ್ರಕ್ಕೆ ಕೈಗೆ ಬರುವುದಿಲ್ಲ, ದನ ಬಿಟ್ಟುಕೊಡಬೇಕು. ಕರು ಬಾಯಿ ಹಾಕಿದಾಗ, ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದಾಗ ಅದರ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಸೇರಿ ಒಳಗಿನ ಹಾಲನ್ನು ಮೊಲೆಗೆ ನೂಕುತ್ತದೆ. ಅದರ ಪ್ರಭಾವ ಇರುವುದು ಕೆಲವೇ ನಿಮಿಷ. ಕರೆದು ಮುಗಿಸುವುದು ಅಷ್ಟರೊಳಗೇ. ದನ ಬೆದರಿತೋ, ಅಡ್ರಿನಲಿನ್ ಏರಿ ಆ ಕೆಲಸವನ್ನೇ ತಡೆಯುತ್ತದೆ. ಹಾಲು ಏರಿಸಿಕೊಂಡಿತು ಅಂತ ನಾವು ಹೇಳುವುದು ಇದನ್ನೇ. ನನ್ನ ಮಗ ಕರುವಿನ ಹಗ್ಗ ಗಿಡ್ಡ ಹಿಡಿದು ನಿಧಾನ ತರುವವನು. ಮಗಳು ಹಗ್ಗ ಬಿಚ್ಚಿ ಕರುವಿನ ಜೊತೆಗೇ ಕೂಗುತ್ತಾ ಓಡಿ ಬರುವವಳು. ಒಂದು ದಿನ ಅಕ್ಕಚ್ಚು ಮೊದಲು, ಮರುದಿನ ಕೊನೆಗೆ. ಇವತ್ತು ಏನಾಗುತ್ತದೆ ಅಂತಲೇ ಬೆಳ್ಳಿಗೆ ತಿಳಿಯುತ್ತಿರಲಿಲ್ಲ, ಪಾತ್ರೆ ಇಟ್ಟ ಕೂಡಲೇ ಕಾಲು ಎತ್ತೆತ್ತಿ ಇಡುತ್ತಿತ್ತು. ಹಾಲು ಒಳಗೇ ಉಳಿಯಿತು.

ಹುಲ್ಲಿನದ್ದು ಇನ್ನೊಂದು. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಅಲ್ಲಿಯತನಕ ದನ ನೆಲಕ್ಕೆ ಮಲಗಬಾರದು. ಕರೆದು ಎದ್ದ ಮೇಲೆಯೇ ಹುಲ್ಲು ಹಾಕುವ ರೂಢಿ ಇರುವುದು ಅದಕ್ಕೆ, ತಿನ್ನುತ್ತಾ ನಿಂತಿರಲಿ ಅಂತ. ನಮ್ಮಲ್ಲಿ ಮಕ್ಕಳು ಬಿಡುವಾದಾಗ ಹಾಕಿದರು, ಬೆಳ್ಳಿ ಮೊದಲೇ ತಿಂದು, ಕರೆದ ಕೂಡಲೇ ನೆಲಕ್ಕೆ ಹಾಸಿದ ಒದ್ದೆ ದರಕಿನ (ಕಾಡಿನ ಒಣ ಎಲೆಯ) ಮೇಲೆ ಮಲಗಿತು. ಕರೆಯದೆ ಉಳಿದ ಹಾಲು, ತೆರೆದ ಮೊಲೆ, ಸಗಣಿ ನೆಲ. ಕೆಚ್ಚಲು ಬಾವು ಬರಲು ಇನ್ನೇನು ಬೇಕು? ಒಂದು ಬೆಳಿಗ್ಗೆ ಹಿಂದಿನ ಎಡಭಾಗ ಬಾತು ಗಟ್ಟಿಯಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಹಿಂಡಿದರೆ ಹಳದಿ ನೀರು, ಅದರಲ್ಲಿ ಬಿಳಿ ಚೂರು. ಡಾಕ್ಟರು ಇಂಜೆಕ್ಷನ್ ಕೊಟ್ಟು ಮೊಲೆಯೊಳಗೆ ಔಷಧದ ಟ್ಯೂಬ್ ಹಾಕಿದರು. ದನ ಉಳಿಯಿತು, ಆ ಮೊಲೆ ಬತ್ತಿಹೋಯಿತು. ಔಷಧ ನಡೆಯುವಷ್ಟು ದಿನ ಹಾಲು ಡೇರಿಗೂ ಇಲ್ಲ, ಮನೆಗೂ ಇಲ್ಲ.

ಪಟ್ಟಿ ಕಿತ್ತು ಹಾಕಿ ಕರುವನ್ನು ಮಗನಿಗೇ ಬಿಟ್ಟೆ. ಮಗಳಿಗೆ ಗೆರಟೆ, ಅಂದರೆ ತೆಂಗಿನ ಚಿಪ್ಪು. ಕರೆಯುವ ಮೊದಲು ಒಂದೊಂದು ಮೊಲೆಯಿಂದ ಎರಡು ಮೂರು ಸಲ ಕಪ್ಪು ಗೆರಟೆಗೆ ಹಿಂಡುತ್ತೇನೆ, ಅವಳು ಅದನ್ನು ಬೆಳಕಿಗೆ ಓರೆ ಮಾಡಿ ಚೂರು ಇದೆಯಾ ನೋಡುತ್ತಾಳೆ. ಕಪ್ಪಿನ ಮೇಲೆ ಚೂರು ಎದ್ದು ಕಾಣುತ್ತದೆ. ಆಮೇಲೊಮ್ಮೆ ಮುಂದಿನ ಮೊಲೆಗೆ ಬಾವು ಬರುವುದಿತ್ತು, ನನಗಿಂತ ಮೊದಲು ಕಂಡದ್ದು ಅವಳಿಗೆ. ಆ ಮೊಲೆ ಉಳಿಯಿತು. ನಾನೆದ್ದ ಮೇಲೆ ಹುಲ್ಲು ಹಾಕುವವಳೂ ಅವಳೇ.

ಹಾಗಾಗಿ ಸಮಪಾಲಿನ ಯೋಚನೆಯನ್ನೇ ಬಿಡಿ. ಒಂದು ಮಗುವಿಗೆ ಒಂದು ಕೆಲಸ, ಒಂದೇ ಹೊತ್ತು, ಆ ದನ ಹಾಲು ಬತ್ತಿಸುವ ತನಕ ಬದಲಾವಣೆ ಇಲ್ಲ. ಬೇಜಾರು ಬರುತ್ತದೆ ಅಂತ ಹೆದರಬೇಡಿ. ದನ ತಮ್ಮ ಹೆಜ್ಜೆ ಸಪ್ಪಳಕ್ಕೆ ಕತ್ತು ತಿರುಗಿಸಲು ಶುರು ಮಾಡಿದ ಮೇಲೆ ಮಕ್ಕಳು ತಾವಾಗಿ ಹೋಗುತ್ತಾರೆ. ದುಡ್ಡಂತೂ ಕೊಡಲೇಬೇಡಿ. ದುಡ್ಡು ಕೊಟ್ಟ ಕೆಲಸವನ್ನು ದುಡ್ಡು ಬೇಡ ಅಂತ ಬಿಡಬಹುದು, ಆವತ್ತು ದನ ಉಪವಾಸ. ಹಬ್ಬಕ್ಕೆ ಖುಷಿಯಿಂದ ಏನಾದರೂ ಕೊಡಿಸಿ, ಅದು ಬೇರೆ.

ಏಳು ವರ್ಷದವರನ್ನು ದನದ ಹಿಂಗಾಲಿನ ಹತ್ತಿರ ನಿಲ್ಲಿಸಬೇಡಿ, ಮುಂದೆ ಮೇವು ಹಾಕುವ ಗೋದಲಿ ಹತ್ತಿರ ಇರಲಿ. ದರಕು ಗುಡಿಸಲು ಬೆಟ್ಟಕ್ಕೆ ಇಬ್ಬರನ್ನೂ ಕಳಿಸಬೇಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಸಿದ್ದಾಪುರಕ್ಕೂ ಬಂದದ್ದೇ. ಅದು ರಕ್ತ ಹೀರುವ ಉಣುಗಿನಿಂದ (ಉಣ್ಣಿಯಿಂದ) ಬರುವುದು, ಉಣುಗು ಹೆಚ್ಚಾಗುವುದೂ ದರಕು ಗುಡಿಸುವ ಬೇಸಿಗೆಯಲ್ಲೇ. ಮನೆಗೆ ತಂದ ದರಕಿನ ರಾಶಿಯ ಮೇಲೂ ಹಾರಿ ಕುಣಿಯಲು ಬಿಡಬೇಡಿ.

ಶಾಲೆ ಬಸ್ಸು ಬೇಗ ಬಂದರೆ ಕರೆಯುವ ಹೊತ್ತು ಬದಲಿಸಬಹುದಾ ಅಂತಲೂ ಕೇಳಿದ್ದೀರಿ. ಬದಲಿಸಬೇಡಿ, ರಜೆ ದಿನವೂ ಅದೇ ಹೊತ್ತು ಇರಲಿ. ಬೆಳಗಿನ ಕರು ಬಿಡುವುದು ನೀವೇ ಮಾಡಿ, ಮಗುವಿಗೆ ಸಂಜೆಯದ್ದು ಕೊಡಿ.