ಚೀಲ ಮನೆಯಲ್ಲೇ ಇರಲಿ

ಸಂಸಾರದ ಸಲಹೆಗೆ ಅಂತ ನನ್ನ ಹತ್ತಿರ ಬಂದ ಗಂಡಹೆಂಡತಿ, ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವರನ್ನು ಶರಣಪ್ಪ, ಮಹಾದೇವಿ ಅಂತ ಕರೆಯೋಣ. ಊರನ್ನು ಮಾತ್ರ ಬದಲಿಸಿಲ್ಲ. ಕಲಬುರಗಿ ಬಿಟ್ಟರೆ ಈ ಕಥೆಗೆ ಕಾಲೇ ಇಲ್ಲ.

ಮದುವೆಯಾಗಿ 11 ವರ್ಷ. ಎಂಟು ವರ್ಷದ ಒಬ್ಬ ಮಗ. ಶರಣಪ್ಪನವರದು ಕರೆಂಟಿನ ಸಾಮಾನಿನ ಅಂಗಡಿ. ಮಹಾದೇವಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಜೊತೆಗೆ ಶರಣಪ್ಪನವರ ತಾಯಿ. ಸೆಪ್ಟೆಂಬರಿನಲ್ಲಿ ಮೊದಲ ಸಲ ಬಂದಾಗ ಇಬ್ಬರೂ ಮಾತು ಬಿಟ್ಟು ಹತ್ತು ದಿನವಾಗಿತ್ತು. ಊಟಕ್ಕೆ ಬಾ ಅನ್ನೋದೂ ಮಗನ ಬಾಯಿಂದಲೇ.

"ಎಲ್ಲಿಗೂ ಕರ್ಕೊಂಡು ಹೋಗಂಗಿಲ್ರಿ ಮೇಡಂ" ಅಂದರು ಮಹಾದೇವಿ.

"ವಾರಕ್ಕ ನಾಕ್ ಸಲ ಗಾಡಿ ಮ್ಯಾಲೆ ಕುಂದ್ರಿಸ್ಕೊಂಡು ತಿರುಗ್ತೀನ್ರಿ. ಇನ್ನೂ ಎಲ್ಲಿಗಿ ಹೋಗಬೇಕ್ರಿ?" ಅಂದರು ಶರಣಪ್ಪ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ಇಂಥ ಜೋಡಿ ಬಂದಾಗ ನಾನು ಮೊದಲು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡುತ್ತೇನೆ. ಮನೆಯಲ್ಲಿ ಹೊಡೆತ ಇದೆಯಾ, ಹೆದರಿಕೆ ಇದೆಯಾ, ಕೈಗೆ ದುಡ್ಡು ಕೊಡದೆ ಸತಾಯಿಸುತ್ತಾರಾ ಅಂತ ಕೇಳುತ್ತೇನೆ. ಅಂಥದ್ದಿದ್ದರೆ "ಇಬ್ಬರೂ ಸಂಜೆ ಸುತ್ತಾಡಿ ಬನ್ನಿ" ಅನ್ನುವ ಸಲಹೆಗೆ ಅರ್ಥವೇ ಇಲ್ಲ. ಆಗ ದಾರಿ ಬೇರೆ, 181ರ ಮಹಿಳಾ ಸಹಾಯವಾಣಿಯಿಂದ ಶುರುವಾಗುವ ದಾರಿ. ಇಲ್ಲಿ ಹಾಗೇನೂ ಇರಲಿಲ್ಲ. ಬೇಸರ ಇತ್ತು, ಅಷ್ಟೇ. ಆದರೆ 11 ವರ್ಷದ ಬೇಸರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲ ಭೇಟಿಯಲ್ಲೇ ನಾನು "ಒಂದು ದಿನ ಬೀದರಿಗೆ ಹೋಗಿ ಬನ್ನಿ" ಅಂದುಬಿಟ್ಟೆ. ನನ್ನ ತಲೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಜೊತೆಗಾರರು 2000ರಲ್ಲಿ ಪ್ರಕಟಿಸಿದ ಅಧ್ಯಯನ ಇತ್ತು. ಗಂಡಹೆಂಡತಿ ಸೇರಿ ಹೊಸದೇನಾದರೂ ಮಾಡಿದರೆ ಸಂಬಂಧದ ಬಗ್ಗೆ ಅವರ ಸಮಾಧಾನ ಹೆಚ್ಚುತ್ತದೆ ಅಂತ ಅದರಲ್ಲಿದೆ. ಹೊಸದು ಅಂದರೆ ದೂರದ್ದು ಅಂತ ನಾನೇ ಅರ್ಥ ಮಾಡಿಕೊಂಡೆ. ರೈಲಿದೆ, 2017ರಲ್ಲಿ ಶುರುವಾದ ಕಲಬುರಗಿ–ಬೀದರ್ ಮಾರ್ಗ, ಸುಮಾರು 110 ಕಿ.ಮೀ. ಕೋಟೆ ನೋಡಿ, ರಂಗೀನ್ ಮಹಲಿನ ಚಿಪ್ಪಿನ ಕುಸುರಿ ನೋಡಿ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ನೋಡಿ ಅಂತ ಒಳ್ಳೆ ಗೈಡಿನ ಹಾಗೆ ಹೇಳಿದೆ.

ಹೋದರು. ಅವರಿಬ್ಬರೇ ಅಲ್ಲ. ಮಗ ಬಂದ. ನಾದಿನಿಯ ಇಬ್ಬರು ಮಕ್ಕಳು "ಬಿಟ್ಟು ಹೋದ್ರ ಅಳ್ತಾವ" ಅಂತ ಸೇರಿಕೊಂಡರು. ಮಹಾದೇವಿ ನಸುಕಿಗೆ ಎದ್ದು 30 ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಶೇಂಗಾ ಚಟ್ನಿ ಕಟ್ಟಿಕೊಂಡರು. ಕೋಟೆಯಲ್ಲಿ ಮೂರು ಮಕ್ಕಳ ಹಿಂದೆ ಓಡಿದರು. ಶರಣಪ್ಪ ದಿನವಿಡೀ ಅಂಗಡಿಯ ಹುಡುಗನಿಗೆ ಫೋನಿನಲ್ಲೇ ವೈರಿನ ರೇಟು ಹೇಳುತ್ತಿದ್ದರು. ಮದರಸಾ ಹೊರಗಿನಿಂದಲೇ ನೋಡಿದರಂತೆ. ವಾಪಸ್ ಬರುವಾಗ ರೈಲಿನಲ್ಲಿ ಜಗಳ.

ಆಮೇಲೆ ಆ ಅಧ್ಯಯನ ತೆಗೆದು ಮತ್ತೆ ಓದಿದೆ. ಅದರಲ್ಲಿ ಜೋಡಿಗಳನ್ನು ಎಲ್ಲಿಗೂ ಕಳಿಸಿರಲಿಲ್ಲ. ಇಬ್ಬರ ಒಂದೊಂದು ಕೈಕಾಲು ಸೇರಿಸಿ ಪಟ್ಟಿ ಕಟ್ಟಿ, ಕೈಯಲ್ಲಿ ಮುಟ್ಟದೆ ಒಂದು ದಿಂಬನ್ನು ಸಾಗಿಸುತ್ತಾ ಚಾಪೆ ಮೇಲೆ ಅಂಬೆಗಾಲಿಡಿ ಅಂದಿದ್ದರು. ಎಲ್ಲ ಸೇರಿ ಏಳು ನಿಮಿಷ. ನಾನು ಏಳು ನಿಮಿಷವನ್ನು ಬೀದರಿನವರೆಗೆ ಎಳೆದಿದ್ದೆ.

ಎರಡನೇ ಭೇಟಿಯಲ್ಲಿ ಕ್ಷಮೆ ಕೇಳಿದೆ. ಇಬ್ಬರಿಗೂ ಒಂದೊಂದು ಚಿಕ್ಕ ನೋಟ್‌ಬುಕ್ ಕೊಟ್ಟೆ. ನವರಾತ್ರಿ ಹತ್ತಿರವಿತ್ತು. "ದಸರಾ ಮುಗಿಯೋ ತನಕ ಒಂದು ವಾರ, ಇಬ್ಬರೂ ಸೇರಿ ಮನೆಯಿಂದ ಹೊರಗೆ ಹೋದದ್ದನ್ನು ಬರೆಯಿರಿ. ಒಬ್ಬರದು ಇನ್ನೊಬ್ಬರು ನೋಡಬಾರದು" ಅಂದೆ. ಏನು ಬರೆಯಬೇಕು, ಹೇಗೆ ಬರೆಯಬೇಕು ಅಂತ ಬೇಕಂತಲೇ ಹೇಳಲಿಲ್ಲ.

ಆ ವಾರ ಆರಿಸಿದ್ದಕ್ಕೂ ಕಾರಣ ಇದೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 42 ದಾಟುತ್ತದೆ, ಸಂಜೆ ಏಳಾದರೂ ಕಟ್ಟೆ ಕಲ್ಲು ಸುಡುತ್ತಿರುತ್ತದೆ. ಮಳೆಗಾಲದಲ್ಲಿ ಕರಿಮಣ್ಣಿನ ಕೆಸರು. ದಸರಾ ಹೊತ್ತಿಗೆ ಆಕಾಶ ತಿಳಿಯಾಗಿ, ಊರ ಹೊರಗೆ ತೊಗರಿ ಹಸಿರಾಗಿ ನಿಂತಿರುತ್ತದೆ. ಹೊರಗೆ ಕೂತು ಮಾತಾಡುವ ದಿನಗಳು ಇಲ್ಲಿ ಆಗ ಶುರು. ಆದರೆ ಮನೆಯಲ್ಲಿ ಕೆಲಸ ಜಾಸ್ತಿಯಾಗುವುದೂ ಆಗಲೇ. ಇವರ ಮನೆಯಲ್ಲಿ ಘಟ ಕೂರಿಸುತ್ತಾರೆ. ಒಂಬತ್ತು ದಿನ ದೀಪ ಆರಬಾರದು. ಎಣ್ಣೆ ನೋಡಿಕೊಳ್ಳುವುದು ಯಾರು? ಸೊಸೆ.

ದಶಮಿ ಕಳೆದು ಬಂದರು. ಎರಡೂ ನೋಟ್‌ಬುಕ್ ಪಕ್ಕಪಕ್ಕ ಇಟ್ಟು ಓದಿದೆ.

ಶರಣಪ್ಪನವರ ಪುಸ್ತಕದಲ್ಲಿ ಆರು ತಿರುಗಾಟ. ಅಂಗಡಿ ಲೆಕ್ಕದ ಹಾಗೆ ದಿನ, ಜಾಗ, ಖರ್ಚು. ಕಿರಾಣಿ ತಂದದ್ದು. ಶರಣಬಸವೇಶ್ವರ ಗುಡಿಗೆ ಹೋದದ್ದು. ಸೂಪರ್ ಮಾರ್ಕೆಟ್‌ನಲ್ಲಿ ಮಗನಿಗೆ ಬಟ್ಟೆ. ತಾಯಿಯ ಕಣ್ಣು ತೋರಿಸಲು ದವಾಖಾನೆಗೆ. ಕಾಯಿಪಲ್ಯ. ಕೊನೆಗೆ ದಶಮಿ ಸಂಜೆ ಬನ್ನಿ ಕೊಡಲು ಒಂಬತ್ತು ಮನೆ.

ಒಂಬತ್ತು ಮನೆಯ ಕಥೆ ಮಹಾದೇವಿಯವರ ಬಾಯಲ್ಲೇ ಕೇಳಬೇಕು. "ಬನ್ನಿ ತಗೊಂಡು ಬಂಗಾರದಂಗ ಇರಾಮ್ ಅಂತೀವ್ರಿ, ಹಿರಿಯರ ಕಾಲಿಗಿ ಬೀಳ್ತೀವಿ. ಇವ್ರು ಪಡಸಾಲ್ಯಾಗ ಕುಂದ್ರತಾರ, ನಾ ಅಡಿಗಿಮನಿಗಿ ಹೋಗ್ತೀನಿ. ಒಂಬತ್ತು ಚಾ ಕುಡದೀನಿ. ಇವ್ರ ಮಾರಿ ನೋಡಿದ್ದು ಬರೀ ಗಾಡಿ ಕನ್ನಡಿ ಒಳಗ."

ಅವರ ಪುಸ್ತಕದಲ್ಲಿ ಇಡೀ ವಾರಕ್ಕೆ ಒಂದೇ ಸಾಲು: "ಅಪ್ಪನ ಕೆರಿ. ಶೇಂಗಾ ತಿಂದಿವಿ."

ಶರಣಪ್ಪನವರ ಆರರಲ್ಲಿ ಅಪ್ಪನ ಕೆರೆಯೇ ಇರಲಿಲ್ಲ. ಕಾಯಿಪಲ್ಯದ ದಿನದ ಕೆಳಗೆ ಸಣ್ಣದಾಗಿ ಬರೆದಿತ್ತು: "ಪಂಚರ್ – 120."

ಅದು ಏನು ಅಂತ ಇಬ್ಬರನ್ನೂ ಕೇಳಿದೆ. ಕಾಯಿಪಲ್ಯ ತಗೊಂಡು ಬರುವಾಗ ಹಿಂದಿನ ಗಾಲಿ ಪಂಚರ್ ಆಯಿತು. ಪಂಚರ್ ಅಂಗಡಿಯವನ ಹತ್ತಿರ ಆಗಲೇ ಎರಡು ಗಾಡಿ ಇದ್ದವು. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾ, ತಲೆ ಎತ್ತದೆ, "ಅರ್ಧ ತಾಸು ಆಗ್ತದ್ರಿ" ಅಂದ. ಕಾಯಿಪಲ್ಯದ ಚೀಲ ಗಾಡಿಯಲ್ಲೇ ನೇತುಬಿಟ್ಟು ಇಬ್ಬರೂ ಕೆರೆ ಕಡೆ ನಡೆದರು. ಶರಣಪ್ಪನವರ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಕಾಗದದ ಪೊಟ್ಟಣದಲ್ಲಿ ಹುರಿದ ಶೇಂಗಾ ತಗೊಂಡು ದಂಡೆ ಮೇಲೆ ಕೂತರು. ಸಿಪ್ಪೆ ಯಾರ ಕಡೆ ಹಾರಿತು ಅಂತ ಒಂದಿಷ್ಟು ನಗು. ಆಮೇಲೆ ಶರಣಪ್ಪ ಸುಮ್ನೆ ಮಾತಿಗೆ ಹೇಳಿದರಂತೆ: ಪಿಯುಸಿ ಫೇಲಾದ ದಿನ ಮನೆಗೆ ಹೋಗಲು ಹೆದರಿ ಇದೇ ಕೆರೆ ದಂಡೆಯಲ್ಲಿ ಕತ್ತಲಾಗುವ ತನಕ ಕೂತಿದ್ದೆ ಅಂತ.

"ಹನ್ನೊಂದು ವರ್ಷದಾಗ ನಂಗ ಇದು ಗೊತ್ತೇ ಇದ್ದಿದ್ದಿಲ್ರಿ" ಅಂದರು ಮಹಾದೇವಿ. ಕಣ್ಣು ತುಂಬಿತ್ತು.

ಶರಣಪ್ಪ ನಿಜಕ್ಕೂ ಬೆರಗಾಗಿದ್ದರು. "ಅದು ತಿರುಗಾಟ ಹೆಂಗ್ ಆಗ್ತದ್ರಿ ಮೇಡಂ? ಗಾಡಿ ಕೆಟ್ಟಿತ್ತು!"

ಇಲ್ಲಿ ಗಂಡನದೇ ತಪ್ಪು ಅಂತ ತೀರ್ಪು ಕೊಡುವುದು ಸುಲಭ. ನನಗೂ ಒಂದು ಕ್ಷಣ ಹಾಗನ್ನಿಸಿತ್ತು. ಆದರೆ ಅವರ ಮಾತನ್ನೂ ಕೇಳಬೇಕಲ್ವಾ? "ನಾ ಬರೀ ಡ್ರೈವರ್ ಆಗೀನ್ರಿ" ಅಂದರು. ಗಾಡಿ ಅವರೇ ಹೊಡೆಯಬೇಕು, ನಿಲ್ಲಿಸಲು ಜಾಗ ಹುಡುಕಬೇಕು, ದುಡ್ಡು ಎಣಿಸಬೇಕು, ಎಂಟಕ್ಕೆ ಅಂಗಡಿ ಮುಚ್ಚಲು ಓಡಬೇಕು. ಹೊರಗೆ ಹೋದಷ್ಟೂ ಅವರಿಗೆ ಕೆಲಸ ಜಾಸ್ತಿ. ಮಹಾದೇವಿಗೂ ಅಷ್ಟೇ. ಇಬ್ಬರೂ ಒಟ್ಟಿಗೆ ದುಡಿಯುತ್ತಿದ್ದರು. ಒಬ್ಬರು ಅದನ್ನು ತಿರುಗಾಟ ಅಂತ ಲೆಕ್ಕ ಹಿಡಿದಿದ್ದರು, ಇನ್ನೊಬ್ಬರು ಹಿಡಿದಿರಲಿಲ್ಲ.

ಹಾಗಾಗಿ ಈ ಸಲ ನಾನು ಕೊಟ್ಟ ಮೊದಲ ಸಲಹೆ ತೀರಾ ಸಣ್ಣದು. ವಾರಕ್ಕೊಂದು ಸಂಜೆ, ಒಂದೂವರೆ ತಾಸು, ಚೀಲ ಇಲ್ಲದೆ ಹೊರಡಿ. ಚೀಲ ಕೈಯಲ್ಲಿದ್ದರೆ "ಹೋಗೋ ದಾರ್ಯಾಗ ಅದೊಂದು ತಗೊಂಬರಾಮ್" ಅನ್ನುವ ಮಾತು ಬಂದೇ ಬರುತ್ತದೆ. ಚೀಲ ಇಲ್ಲದಿದ್ದರೆ ತರುವುದು ಯಾವುದರಲ್ಲಿ?

ಗಾಡಿಯೂ ಬೇಡ ಅಂದೆ. ನಡೆದು ಹೋಗಿ, ದೂರವಾದರೆ ಆಟೋ ಹಿಡಿಯಿರಿ. ಆಟೋದಲ್ಲಿ ಇಬ್ಬರೂ ಪಕ್ಕಪಕ್ಕ ಕೂರುತ್ತೀರಿ, ಯಾರೂ ಯಾರ ಬೆನ್ನು ನೋಡಬೇಕಿಲ್ಲ. ಎಲ್ಲಿಗೆ ಅಂತ ಒಂದು ವಾರ ಇವರು ಹೇಳಲಿ, ಮುಂದಿನ ವಾರ ಅವರು. ಹೇಳಿದವರು ಬೇರೆ ಏನೂ ಹೊಣೆ ಹೊರುವುದು ಬೇಡ.

ತಾಯಿಗೆ ತಿಳಿಸುವ ಕೆಲಸ ಮಾತ್ರ ಶರಣಪ್ಪನವರದೇ ಅಂತ ಗಟ್ಟಿಯಾಗಿ ಹೇಳಿದೆ. ಸೊಸೆ ಕೇಳಿದರೆ ಅದು ಅಪ್ಪಣೆ ಬೇಡಿದಂತೆ. ಮಗ ಹೇಳಿದರೆ ಬರೀ ಸುದ್ದಿ. ಅವರು ಹಿಂಜರಿದರು, ತಲೆ ಕೆರೆದುಕೊಂಡರು. ಒಂದು ವಾರ ಹೇಳಲೇ ಇಲ್ಲ, ಆ ವಾರ ಎಲ್ಲಿಗೂ ಹೋಗಲೂ ಇಲ್ಲ. ಮುಂದಿನ ವಾರ ಹೇಳಿದಾಗ ತಾಯಿ ಅಂದದ್ದು ಇಷ್ಟೇ: "ಹೋಗ್ರಿ, ಪಾರಗ ನಾ ಉಣಸ್ತೀನಿ." ಅದಕ್ಕೆ ಇಷ್ಟು ವರ್ಷ ಹೆದರಿದ್ದು.

ಇಂಥ ಕಡೆ "ಹೊರಗೆ ಹೋದಾಗ ಮನೆಯ ತಾಪತ್ರಯ ಮಾತಾಡಬೇಡಿ" ಅಂತ ಹೇಳುವ ಸಲಹೆಗಾರರೂ ಇದ್ದಾರೆ. ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಜನ ಬಾಯಿಗೆ ಕಾವಲು ಹಾಕಿಕೊಂಡು ಕೂರುತ್ತಾರೆ. ಸಾಲ, ಸ್ಕೂಲ್ ಫೀಸು ಬಂದರೆ ಬರಲಿ. ಕೆರೆ ದಂಡೆಯಲ್ಲಿ ಪಿಯುಸಿ ಫೇಲಾದ ಮಾತು ಬಂದಿದ್ದೂ ಯಾರೂ ತಡೆಯದೆ ಇದ್ದದ್ದಕ್ಕೇ.

ದೀಪಾವಳಿಗೆ ಮುಂಚೆ ಕೊನೆಯ ಭೇಟಿ. ಆ ವಾರದ ಸರದಿ ಮಹಾದೇವಿಯವರದು. ಅವರು ಆರಿಸಿದ್ದು ಕಲಬುರಗಿಯ ಕೋಟೆ. ಲಗ್ನವಾಗಿ ಊರಿಗೆ ಬಂದಾಗಿನಿಂದ ದಿನಾ ಅದರ ಮುಂದೆಯೇ ಓಡಾಡಿದ್ದಾರೆ, ಒಳಗೆ ಒಮ್ಮೆಯೂ ಹೋಗಿರಲಿಲ್ಲ. ಹಾಗೆ ನೋಡಿದರೆ ಶರಣಪ್ಪ ಹೋಗಿದ್ದೂ ಶಾಲೆಯಲ್ಲಿದ್ದಾಗ. ಮಧ್ಯಾಹ್ನ ನಾಲ್ಕಕ್ಕೆ ಆಟೋ ಹತ್ತಿದರು. ಒಳಗಿನ ಜಾಮಿ ಮಸೀದಿ 1367ರದ್ದು. ಬೇರೆ ದೊಡ್ಡ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಇಲ್ಲ, ಇಡೀ ಕಟ್ಟಡದ ಮೇಲೆ ಮಾಡು ಇದೆ. ಎತ್ತ ನೋಡಿದರೂ ಕಮಾನಿನೊಳಗೆ ಕಮಾನು. ಸಂಜೆ ಬಿಸಿಲು ಅಡ್ಡ ಬಿದ್ದು ಸಾಲಾಗಿ ನೆರಳು. ಎಷ್ಟು ಕಮಾನು ಇರಬಹುದು ಅಂತ ಮಾತು ಬಂತಂತೆ. ಒಬ್ಬರು ಆ ತುದಿಯಿಂದ, ಒಬ್ಬರು ಈ ತುದಿಯಿಂದ ಎಣಿಸುತ್ತಾ ಬಂದರು. ಇಬ್ಬರ ಲೆಕ್ಕವೂ ಬೇರೆ ಬೇರೆ ಬಂತು.

"ಇವ್ರು ಕಂಬದ ಹಿಂದಿಂದು ಬಿಟ್ಟಾರ್ರಿ" ಅಂದರು ಮಹಾದೇವಿ.

"ಇಲ್ರಿ ಮೇಡಂ, ಈಕಿ ಒಂದೇ ಕಮಾನ ಎರಡು ಸಲ ಎಣಿಸ್ಯಾಳ" ಅಂದರು ಶರಣಪ್ಪ.

ಯಾರದು ಸರಿ ಅಂತ ಇಬ್ಬರೂ ನನ್ನ ಮುಖ ನೋಡಿದರು. ನಾನು ಎಣಿಸಿಲ್ಲ ಅಂದೆ. ಮುಂದಿನ ವಾರದ ಸರದಿ ಶರಣಪ್ಪನವರದು. ಮತ್ತೆ ಅಲ್ಲಿಗೇ ಹೋಗುತ್ತಾರಂತೆ.