ಮಾತಾಡಿಸುವವರಿಗೆ ಪಗಾರ ಯಾಕೆ?

ಸೇಡಂನ ನಿವೃತ್ತ ಮಾಸ್ತರರೊಬ್ಬರ ಪತ್ರ: "ಲೂಪಸ್ ರೋಗದ ಲೇಖನ ಚಲೋ ಇತ್ತು. ಆದರೆ ದವಾಖಾನೆಗೆ ಸಮಾಜ ಕಾರ್ಯಕರ್ತರು ಬೇಕೆಂಬ ನಿಮ್ಮ ಹಟ ತಿಳಿಯಲಿಲ್ಲ. ಮಾತಾಡಿಸುವವರಿಗೆ ಪಗಾರ ಕೊಡುವ ಬದಲು ಒಬ್ಬ ತಜ್ಞ ವೈದ್ಯರನ್ನು ತರಬಾರದೇ?"

ಸಂಪಾದಕರ ಉತ್ತರ: ತಜ್ಞರು ಬೇಕು, ಒಪ್ಪಿದೆ. ಅವರನ್ನು ಹುಡುಕಿಕೊಂಡು ಹೈದರಾಬಾದ್, ಸೊಲ್ಲಾಪುರದ ರೈಲು ಹತ್ತುವವರ ಪಾಡು ಕಲಬುರಗಿಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಮಾಸ್ತರರೇ, ತಜ್ಞರು ಚೀಟಿ ಬರೆದುಕೊಟ್ಟ ಮೇಲಿನ ಕಥೆ ಕೇಳಿ.

ಲೂಪಸ್ ಅಂದರೆ ಮೈಯ ರಕ್ಷಣಾ ಶಕ್ತಿಯೇ ಮೈಮೇಲೆ ತಿರುಗಿಬೀಳುವ ರೋಗ. ಅದು ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ಮಕ್ಕಳಾಗುವ ವಯಸ್ಸಿನವರು. ಆಳಂದ ಕಡೆಯ ಅಂಥ ಒಬ್ಬ ಸೊಸೆಗೆ ವೈದ್ಯರು "ಬಿಸಿಲಿಗೆ ಹೋಗಬೇಡ" ಅಂದರು. ಬಿಸಿಲಿಗೆ ಈ ರೋಗ ಕೆರಳುವುದು ನಿಜ. ಆದರೆ ಆಕೆ ತೊಗರಿ ಹೊಲದಲ್ಲಿ ಕಳೆ ತೆಗೆದು ಕೂಲಿ ತರುವವಳು! ಸ್ಟೀರಾಯ್ಡ್ ಗುಳಿಗೆಗೆ ಮುಖ ಊದಿತು, ಓಣಿಯವರು ಆಡಿಕೊಂಡರು, ಆಕೆ ಗುಳಿಗೆಯನ್ನೇ ಬಿಟ್ಟಳು. ಅದನ್ನು ಒಮ್ಮೆಲೇ ಬಿಡಬಾರದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮತ್ತೆ ದವಾಖಾನೆಗೆ ತರುವಷ್ಟರಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು.

ಹೊರಗೆ ಸಾಲುಗಟ್ಟಿ ನಿಂತ ರೋಗಿಗಳನ್ನು ಬಿಟ್ಟು ವೈದ್ಯರು ಎಷ್ಟೆಂದು ಹೇಳಿಯಾರು? ಅತ್ತೆಯನ್ನು ಕೂರಿಸಿಕೊಂಡು, "ಇದು ಅಂಟುರೋಗವಲ್ಲವ್ವಾ, ಗುಳಿಗೆ ಕಡಿಮೆಯಾದಂತೆ ಊತವೂ ಇಳೀತದ, ಮಕ್ಕಳೂ ಆಗ್ತಾವ, ಆದರ ರೋಗ ಆರು ತಿಂಗಳಾದರೂ ತಣ್ಣಗಿರಬೇಕು, ಡಾಕ್ಟರನ್ನು ಕೇಳೇ ಮುಂದುವರಿಬೇಕು" ಎಂದು ತಿಳಿಹೇಳುವುದು ನೀವು ಹಗುರಾಗಿ 'ಮಾತಾಡಿಸುವುದು' ಅಂದ ಕೆಲಸವೇ. 1905ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಇದನ್ನು ಶುರುಮಾಡಿಸಿದವರು ರಿಚರ್ಡ್ ಕ್ಯಾಬಟ್, ಸ್ವತಃ ವೈದ್ಯರು. ಮುಂಬೈಯ ಜೆ.ಜೆ. ಆಸ್ಪತ್ರೆಗೆ ಇಂಥ ಸಮಾಜ ಕಾರ್ಯಕರ್ತರು ಬಂದದ್ದು 1946ರಲ್ಲಿ.

ಕಾಗದಪತ್ರದ ಗೋಳು ಬೇರೆ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಇದೆ, ಆದರೆ ಅದು ಮುಖ್ಯವಾಗಿ ದಾಖಲಾದವರಿಗೆ. ವರ್ಷಾನುಗಟ್ಟಲೆ ನುಂಗುವ ಗುಳಿಗೆಗಲ್ಲ. 2016ರ ಅಂಗವಿಕಲರ ಕಾಯ್ದೆ 21 ಬಗೆ ಎಣಿಸುತ್ತದೆ, ಅದರಲ್ಲಿ ಲೂಪಸ್ ಹೆಸರಿಲ್ಲ. ಕೀಲೋ ಕಣ್ಣೋ ಕೆಟ್ಟ ಮೇಲೆ ಆ ಲೆಕ್ಕದಲ್ಲಿ ಅರ್ಜಿ ಹಾಕಬಹುದು. ಇದನ್ನೆಲ್ಲ ಆ ಸೊಸೆಗೆ ಬಿಡಿಸಿ ಹೇಳುವವರು ಯಾರು, ಕೌಂಟರಿನ ಗುಮಾಸ್ತನೇ?

ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಬಂತು, ಕಟ್ಟಡಗಳು ಎದ್ದವು, ಉದ್ಘಾಟನೆಯ ಕಲ್ಲುಗಳಿಗೂ ಬರವಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಉಮೇದು ಹುದ್ದೆ ತುಂಬುವಾಗ ಎಲ್ಲಿ ಹೋಗುತ್ತದೋ. ಇಲ್ಲೇ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಎಂಎಸ್‌ಡಬ್ಲ್ಯೂ, ಓದಿದ ನಮ್ಮ ಹುಡುಗ ಹುಡುಗಿಯರು ಫೈನಾನ್ಸಿನವರ ಕಂತು ವಸೂಲಿಗೆ ಹಳ್ಳಿ ಸುತ್ತುತ್ತಿದ್ದಾರೆ.

ನಿಮ್ಮ ಅಕ್ಷರ ದುಂಡಗಿವೆ, ಮಾಸ್ತರರೇ, ಪ್ರಶ್ನೆಯೂ ಮೊನಚಾಗಿದೆ. ಮುಂದಿನ ಪತ್ರ ನನಗೆ ಬೇಡ, ಮಾಹಿತಿ ಹಕ್ಕಿನ ಅರ್ಜಿಯಾಗಲಿ: ನಮ್ಮ ಜಿಲ್ಲೆಯ ಸರ್ಕಾರಿ ದವಾಖಾನೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು? ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.